ಕೊನೆಯ ದೃಶ್ಯ ಮೊದಲು

ಪ್ರೀತಿಯ ಗಂಟೆ,

ಈ ಕಾಗದ ಓದಿ ಮುಗಿಸುವ ತನಕ ಫೋನ್ ಕೈಗೆತ್ತಿಕೊಳ್ಳಬೇಡ. ‘ಸ್ವಲ್ಪ ಬಿಜಿ ಅಕ್ಕ, ಆಮೇಲೆ ಮಾತಾಡ್ತೀನಿ’ ಎಂದು ಒತ್ತಿ ಕಳಿಸುವುದು ನಿನಗೀಗ ಬಾಯಿಪಾಠ ಹೋಗಿ ಬೆರಳುಪಾಠವಾಗಿದೆ. ಆ ‘ಆಮೇಲೆ’ ಎಷ್ಟೋ ತಿಂಗಳಿಂದ ಬಂದೇ ಇಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದ ಓದುವವನು ಮಾತಾಡಬೇಕಾಗಿಲ್ಲ.

ನಿನ್ನೆ ಬೆಳಿಗ್ಗೆ ಪತ್ರಿಕೆಯವರಿಗೆಂದು ಇಟ್ಟಿದ್ದ ಪ್ರದರ್ಶನದಲ್ಲಿ ನಿನ್ನ ಸಿನಿಮಾ ನೋಡಿದೆ. ನಿನ್ನ ಸಿನಿಮಾ ಅಂದರೆ ನಿರ್ಮಾಪಕರು ಮೂಗು ಮುರಿದಾರು. ಪೋಸ್ಟರಿನಲ್ಲಿ ನಿನ್ನ ಮುಖವಿಲ್ಲ, ನಿನ್ನ ಹೆಸರು ತೆರೆಯ ಮೇಲೆ ಬರುವುದು ಜನ ಎದ್ದು ಬೆನ್ನು ತಿರುಗಿಸಿದ ಮೇಲೆ. ಆದರೆ ಹಸಿರು ಚರ್ಮದ, ಕುಂಬಳಕಾಯಿ ತಲೆಯ ಆ ಅನ್ಯಗ್ರಹದ ಪ್ರಾಣಿ ಬಾಯಿ ತೆರೆದಾಗೆಲ್ಲ ಹೊರಗೆ ಬರುವುದು ನೀನೇ. ತೊಟ್ಟಿಲಲ್ಲಿ ನೀನು ಅತ್ತರೆ ಶಾಲೆ ಬಿಟ್ಟಿತೆಂದು ಬೀದಿಯ ಕೊನೆಯ ಮನೆಯವರು ಹೊರಗೆ ಬಂದು ನಿಲ್ಲುತ್ತಿದ್ದರಂತೆ, ಅದಕ್ಕೇ ಅಪ್ಪ ನಿನ್ನನ್ನು ಗಂಟೆ ಎಂದು ಕರೆಯಲು ಶುರು ಮಾಡಿದ್ದು. ಆ ದನಿಯನ್ನು ಎಲ್ಲಿ ಕೇಳಿದರೂ ಗುರುತು ಹಿಡಿಯುತ್ತೇನೆ ಎಂದುಕೊಂಡಿದ್ದೆ. ನಿನ್ನೆ ಮೊದಲ ದೃಶ್ಯದಲ್ಲಿ ಗುರುತು ಹಿಡಿಯಲಿಲ್ಲ.

ಮೊದಲು ನನ್ನ ಕಸುಬಿನ ಮಾತು ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ಕೈ ಸುಮ್ಮನಿರುವುದಿಲ್ಲ. ವಿಮರ್ಶೆಯಲ್ಲಿ ಅರ್ಧ ಸ್ಟಾರಿಗಿಂತ ಹೆಚ್ಚು ಕೊಡುವುದಿಲ್ಲವೆಂದು ನನ್ನನ್ನು ಬೆನ್ನ ಹಿಂದೆ ‘ಅರ್ಧ ಸ್ಟಾರ್ ಅಮ್ಮ’ ಎಂದು ಕರೆಯುತ್ತಾರೆ, ನಿನಗೆ ಗೊತ್ತು. ಮೊದಮೊದಲು ಆ ಹೆಸರನ್ನು ಊರಲ್ಲಿ ಹಬ್ಬಿಸಿದವನೂ ನೀನೇ ಎಂದು ನನ್ನ ಗುಮಾನಿ. ಇಷ್ಟೊಂದು ದುಡ್ಡು ಸುರಿದ ನಗೆ ಸಿನಿಮಾ ಕಂಡರೆ ನನಗೆ ಮೊದಲಿಂದಲೂ ಅನುಮಾನ. ನಗೆಗೆ ಇಬ್ಬರು ಮನುಷ್ಯರು, ಒಂದು ತಪ್ಪು ತಿಳಿವಳಿಕೆ ಸಾಕು. ಆಕಾಶದ ತುಂಬ ತಟ್ಟೆ ಹಾರಿಸಬೇಕಾಗಿಲ್ಲ. ಆದರೂ ಹೇಳುತ್ತೇನೆ, ಇದರ ಮೊದಲರ್ಧಕ್ಕೆ ನಾನು ಸೋತೆ.

ಕಥೆ ನಿನಗೆ ಗೊತ್ತು, ಆದರೂ ನೋಡಿದವಳ ಬಾಯಿಂದ ಒಮ್ಮೆ ಕೇಳು. ಒಂದು ನೀರು ಸರಬರಾಜು ಕಚೇರಿ. ಅದರ ತಾರಸಿಯ ಮೇಲೆ, ಟ್ಯಾಂಕಿನ ಪಕ್ಕದಲ್ಲಿ, ಹಾರುವ ಹಡಗೊಂದು ಇಳಿಯುತ್ತದೆ. ನಲ್ಲಿ ನೋಡಲು ಹೋದ ಜವಾನ ಅದನ್ನು ಕಂಡು, ಮೆಟ್ಟಿಲು ಉರುಳಿಕೊಂಡು ಬಂದು, ಮ್ಯಾನೇಜರ ಕಿವಿಯಲ್ಲಿ ‘ಮೇಲಿಂದ ಬಂದಿದಾರೆ ಸಾರ್’ ಅನ್ನುತ್ತಾನೆ. ಅಷ್ಟೇ. ಮೇಲಿನವರು ಅಂದರೆ ಮೇಲಿನ ಆಫೀಸಿನವರು, ತಪಾಸಣೆಗೆ ಬಂದವರು ಎಂದುಕೊಂಡು ಇಡೀ ಕಚೇರಿ ಧೂಳು ಕೊಡವಿ, ಕುರ್ಚಿಗೆ ಟವೆಲು ಹಾಸಿ, ಫೈಲುಗಳನ್ನು ಎತ್ತರದ ಪ್ರಕಾರ ಜೋಡಿಸಿ ನಿಂತುಬಿಡುತ್ತದೆ. ಬಂದವರ ಮೂರು ಕಣ್ಣು ಕಂಡರೂ ಯಾರೂ ಬೆಚ್ಚುವುದಿಲ್ಲ. ‘ಮೇಲಿನವರಿಗೆ ಇರುತ್ತೆ, ನಮಗ್ಯಾಕೆ’ ಅನ್ನುತ್ತಾನೆ ಮ್ಯಾನೇಜರು. ಇಂಟರ್ವಲ್ ಹೊತ್ತಿಗೆ ಗೊತ್ತಾಗುತ್ತದೆ, ಬಂದವರು ನಿಜವಾಗಿಯೂ ತಪಾಸಣೆಗೇ ಬಂದವರು. ಗ್ರಹಗ್ರಹಕ್ಕೂ ಅಂಕ ಹಾಕುತ್ತಾ, ನಪಾಸಾದದ್ದನ್ನು ಒರೆಸಿಹಾಕುತ್ತಾ ಹೋಗುವ ತಂಡ. ನನ್ನ ಕಸುಬೂ ಹೆಚ್ಚುಕಡಿಮೆ ಅದೇ ಆದ್ದರಿಂದ ನಗುತ್ತಲೇ ಸಣ್ಣಗೆ ಚುಚ್ಚಿಸಿಕೊಂಡೆ.

ಇಂಟರ್ವಲ್ ಆದಮೇಲೆ ದುಡ್ಡು ತನ್ನ ಬುದ್ಧಿ ತೋರಿಸುತ್ತದೆ. ಅರ್ಧ ಊರು ಉರಿಯುತ್ತದೆ, ಸೇತುವೆಗಳು ಮುರಿದು ಬೀಳುತ್ತವೆ, ಸೇನಾಧಿಪತಿಯೊಬ್ಬ ಕಾರಣವಿಲ್ಲದೆ ಕುಣಿಯುತ್ತಾನೆ. ಆ ಜವಾನ, ಆ ಟವೆಲು, ಆ ನಲ್ಲಿ ಎಲ್ಲವನ್ನೂ ಸಿನಿಮಾ ಮರೆತೇಬಿಡುತ್ತದೆ. ಅಷ್ಟರಲ್ಲೂ ಜನರನ್ನು ಕುರ್ಚಿಯಲ್ಲಿ ಹಿಡಿದು ಕೂರಿಸುವುದು ಆ ತಂಡದ ಕಿರಿಯ, ಜವಾನ ‘ಬುರುಡೆ’ ಎಂದು ಹೆಸರಿಟ್ಟ ನಿನ್ನ ಪ್ರಾಣಿ. ಭೂಮಿಗೆ ಇಳಿಯುವ ಮುಂಚೆ ಮೇಲಿನಿಂದ ಕಿವಿಗೊಟ್ಟು ಕೇಳಿದಾಗ ಬುರುಡೆಗೆ ಎಲ್ಲಕ್ಕಿಂತ ಹೆಚ್ಚು ಕೇಳಿಸಿದ ಪದ ‘ಅಕ್ಕಾ’. ಬಸ್ಸಿನಲ್ಲಿ ‘ಸ್ವಲ್ಪ ಸರೀರಿ ಅಕ್ಕಾ’, ಅಂಗಡಿಯಲ್ಲಿ ‘ಏನು ಕೊಡ್ಲಿ ಅಕ್ಕಾ’, ಮಹಡಿಯಿಂದ ‘ಅಕ್ಕಾ, ನೀರು ಬಂತು’. ಮನುಷ್ಯ ಜಾತಿಯ ಹೆಸರೇ ಅಕ್ಕ ಎಂದುಕೊಂಡುಬಿಡುತ್ತದೆ. ಮೀಸೆಯ ಮ್ಯಾನೇಜರನಿಗೂ ಅಕ್ಕಾ, ಪೊಲೀಸನಿಗೂ ಅಕ್ಕಾ, ಸೇನಾಧಿಪತಿಗೂ ಅಕ್ಕಾ. ಚಿತ್ರಕಥೆಯಲ್ಲಿ ಬರೀ ‘ಹಲೋ’ ಅಂತ ಇತ್ತಂತೆ, ಡಬ್ಬಿಂಗಿನ ಮೊದಲ ದಿನ ನೀನೇ ಇದನ್ನು ಸೂಚಿಸಿದೆಯಂತೆ. ನಿರ್ದೇಶಕರು ಎಲ್ಲರ ಮುಂದೆ ಹೇಳಿದರು. ನನ್ನನ್ನು ಒಂದು ಮಾತೂ ಕೇಳದೆ ‘ಅಕ್ಕ’ನನ್ನು ಊರಿಗೆಲ್ಲ ಹಂಚಿಬಿಟ್ಟೆಯಲ್ಲ, ಕಳ್ಳ.

ಈಗ ಆ ಮೊದಲ ದೃಶ್ಯ. ಬೆಳಗಿನ ಮಬ್ಬು, ಖಾಲಿ ತಾರಸಿ. ಹಡಗಿನ ಬಾಗಿಲು ಸರಿಯುತ್ತದೆ. ಎಲ್ಲಿಂದಲೋ ‘ಟಿಣ್’ ಎಂದು ಒಂದು ಸಣ್ಣ ಸದ್ದು. ಬಾಗಿಲ ಚಿಲಕವಿರಬೇಕು ಎಂದುಕೊಂಡೆ. ಆಮೇಲೆ ಒಂದು ಕೂಗು. ತೇವವೇ ಇಲ್ಲದ, ಅರ್ಧ ಗಾಳಿ ಅರ್ಧ ದನಿಯ ‘ಅಕ್ಕಾ’. ನಡುವೆ ಮುರಿದುಹೋಗುತ್ತದೆ, ತಡವರಿಸಿ ಮತ್ತೆ ಎದ್ದು ಬರುತ್ತದೆ. ಇಡೀ ಥಿಯೇಟರು ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನವನು ಕಾಲು ಬಡಿದ. ನಾನೂ ನಕ್ಕೆ ಗಂಟೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಅಲ್ಲಿಂದ ಮುಂದೆ ಬುರುಡೆಯ ದನಿ ನಿಧಾನವಾಗಿ ತಿಳಿಯಾಗುತ್ತಾ ಹೋಗುತ್ತದೆ. ಮ್ಯಾನೇಜರ ಮನೆಯ ದೃಶ್ಯದಲ್ಲಿ ಒಂದೆರಡು ಪದಕ್ಕೆ ನಿಂತು ಉಸಿರೆಳೆದುಕೊಳ್ಳುವ ಪ್ರಾಣಿ, ಇಂಟರ್ವಲ್ ದಾಟಿದ ಮೇಲೆ ವಾಕ್ಯ ಕಟ್ಟುತ್ತದೆ, ಹಾಡು ಗುನುಗುತ್ತದೆ. ಕೊನೆಯಲ್ಲಿ, ಭೂಮಿಯನ್ನು ಒರೆಸಲು ಸಾಲುಗಟ್ಟಿ ನಿಂತ ತನ್ನವರ ಹಡಗುಗಳ ಎದುರು ನಿಂತು, ಆಕಾಶವೆಲ್ಲ ಕೇಳುವ ಹಾಗೆ ‘ಅಕ್ಕಾ’ ಎಂದು ಕೂಗುತ್ತದಲ್ಲ, ಅದು ನಮ್ಮ ಮನೆಯ ಗಂಟೆ. ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ. ನನ್ನ ಪಕ್ಕದಲ್ಲಿ ಕೂತವನು ಇನ್ನೊಂದು ಪತ್ರಿಕೆಯ ವಿಮರ್ಶಕ, ಯಾವ ಸಿನಿಮಾಕ್ಕಾದರೂ ಅಳುವುದರಿಂದ ನಾವು ‘ಕರವಸ್ತ್ರ’ ಎಂದು ಕರೆಯುವವನು. ಕಣ್ಣೊರೆಸಿಕೊಳ್ಳುತ್ತಾ ಅಂದ, ‘ದನಿಯ ಪ್ರಯಾಣ ಗಮನಿಸಿದ್ರಾ ಮೇಡಂ? ಒರಟಿನಿಂದ ಇಂಪಿನ ಕಡೆಗೆ. ಪ್ರಾಣಿಯಿಂದ ಮನುಷ್ಯನ ಕಡೆಗೆ. ಎಂಥ ಲೆಕ್ಕಾಚಾರ ಇರಬೇಕು ಆ ಕಲಾವಿದನಿಗೆ.’ ಅವನು ಏನೇ ಹೇಳಿದರೂ ಅಡ್ಡ ಮಾತಾಡುವವಳು ನಾನು, ನಿನ್ನೆ ತಲೆಯಾಡಿಸಿದೆ.

ಸಿನಿಮಾ ಮುಗಿದ ಮೇಲೆ ನಿರ್ದೇಶಕರು ಮೈಕ್ ಹಿಡಿದರು. ನೀನು ಬಂದಿರಲಿಲ್ಲ. ಯಾರೋ ಕೇಳಿದ್ದಕ್ಕೆ, ‘ಅವರು ಗಂಟಲಿಗೆ ರೆಸ್ಟ್ ಕೊಡ್ತಿದಾರೆ’ ಅಂದರು. ಅದಕ್ಕೂ ಜನ ನಕ್ಕರು. ಆಮೇಲೆ ಹೇಳಿದರು, ‘ಎರಡನೇ ಭಾಗ ಬರ್ತಿದೆ. ಅದರಲ್ಲಿ ಬುರುಡೆಯೇ ಹೀರೋ. ಎಲ್ಲರಿಗೂ ಹಿಡಿಸಿರೋದು ಆ ಮೊದಲ ಸೀನಿನ ದನಿ. ಅದಕ್ಕೇ ಈ ಸಲ ಇಡೀ ಸಿನಿಮಾ ಅದೇ ದನಿ. ದನಿ ಮೊದಲು ತಗೋತೀವಿ, ಅದಕ್ಕೆ ತಕ್ಕ ಹಾಗೆ ಬುರುಡೆಯ ತುಟಿ ಮಾಡ್ತೀವಿ. ಮುಂದಿನ ವಾರ ರೆಕಾರ್ಡಿಂಗ್ ಶುರು.’ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ತಮ್ಮ ಗೆದ್ದ ಎಂದು ಎಲ್ಲರಿಗಿಂತ ಜೋರಾಗಿ ನಾನು ತಟ್ಟಿದೆ.

ನಿನ್ನ ದನಿಯ ಬಗ್ಗೆ ನಾನು ಒಂದಕ್ಷರ ಬರೆಯಬಾರದು ಎಂಬುದು ನಮ್ಮಿಬ್ಬರ ಹಳೆಯ ಒಪ್ಪಂದ. ತಮ್ಮನ ತುತ್ತೂರಿ ಊದುವವಳು ಎಂದು ಯಾರೂ ಆಡಿಕೊಳ್ಳಬಾರದು ಅಂತ. ನಿನ್ನೆ ಮಧ್ಯಾಹ್ನ ಆಫೀಸಿಗೆ ಹೋಗಿ ಕೂತವಳು ಆ ಒಪ್ಪಂದ ಮುರಿಯೋಣ, ಒಂದೇ ಒಂದು ಸಲ, ಎಂದುಕೊಂಡೆ. ಇಷ್ಟು ವರ್ಷಕ್ಕೆ ಒಂದು ವಾಕ್ಯವಾದರೂ ನಿನಗೆ ಸಲ್ಲಬೇಕಲ್ಲ. ಟೈಪ್ ಮಾಡಿದೆ: ‘ಬಿರುಕು ಬಿಟ್ಟು ಶುರುವಾಗುವ ಈ ದನಿ ಕೊನೆಯ ದೃಶ್ಯದ ಹೊತ್ತಿಗೆ ತುಂಬಿ ಬರುತ್ತದೆ.’ ಕೊನೆಯ ದೃಶ್ಯ ಎಂಬ ಪದದ ಮೇಲೆ ಕೈ ನಿಂತಿತು.

ನೀನು ಕೊನೆಯ ದೃಶ್ಯವನ್ನು ಮೊದಲು ಹೇಳುವವನು.

ಲೋಕದ ವಿಮರ್ಶಕರೆಲ್ಲ ಈ ತಪ್ಪು ಮಾಡಬಹುದು, ನಮ್ಮ ಮನೆಯಲ್ಲಿ ಹುಟ್ಟಿದವಳು ಮಾಡಬಾರದಿತ್ತು. ಅಪ್ಪನ ಡಬ್ಬಿಂಗಿನ ಕ್ರಮ ಅದು. ‘ಕಿರುಚಾಟ, ಅಳು, ಸಾವು ಎಲ್ಲ ಇರೋದು ಕೊನೇಲಿ. ತಾಜಾ ಗಂಟಲು ಅದಕ್ಕೆ ಕೊಡಬೇಕು. ಮೊದಲ ಸೀನಲ್ಲಿ ಬಾ ಕೂತ್ಕೋ ಅನ್ನೋದನ್ನ ಯಾವ ಗಂಟಲಲ್ಲಾದ್ರೂ ಅನ್ನಬಹುದು’ ಎಂದು ಹೇಳಿ, ಯಾವ ಸಿನಿಮಾವಾದರೂ ಹಿಂದಿನಿಂದ ಮುಂದಕ್ಕೆ ಹೇಳಿ ಮುಗಿಸುತ್ತಿದ್ದರು. ಸ್ಟುಡಿಯೋದವರು ಮೊದಮೊದಲು ತಲೆ ಚಚ್ಚಿಕೊಂಡು ಆಮೇಲೆ ಒಗ್ಗಿಹೋದರು. ಅದೇ ನಿನಗೂ ಬಂತು. ಚಿಕ್ಕವನಿದ್ದಾಗ ನೀನು ಕಥೆ ಹೇಳಿದರೂ ಹಾಗೇ, ರಾಜ ಸತ್ತುಹೋಗಿ, ಆಮೇಲೆ ಯುದ್ಧಕ್ಕೆ ಹೋಗಿ, ಕೊನೆಗೆ ಹುಟ್ಟುತ್ತಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಮೇಜಿನ ಮುಂದೆ ಕೂತಲ್ಲೇ ಕಣ್ಣು ಮುಚ್ಚಿ ಆ ಸಿನಿಮಾವನ್ನು ನೀನು ಹೇಳಿದ ಕ್ರಮದಲ್ಲಿ ಓಡಿಸಿದೆ. ಮೊದಲು ಆಕಾಶ ಸೀಳುವ ಕೂಗು. ಆಮೇಲೆ ಗುನುಗುವ ಹಾಡು, ಅದರಲ್ಲಿ ಒಂದು ಸಣ್ಣ ಕರಕರ. ಆಮೇಲೆ ಸೇನಾಧಿಪತಿಯ ಮುಂದೆ ಬುರುಡೆ ನಗುವ ದೃಶ್ಯ, ನಗು ನಡುವೆ ಕಡಿದುಹೋಗಿ ಕೆಮ್ಮಾಗುತ್ತದೆ, ಜನ ಅದಕ್ಕೂ ನಕ್ಕಿದ್ದರು. ಆಮೇಲೆ ಮ್ಯಾನೇಜರ ಮನೆ, ಒಂದೊಂದು ಪದಕ್ಕೂ ಒಂದು ಉಸಿರು. ಕಟ್ಟಕಡೆಗೆ ಆ ತಾರಸಿ. ತುಂಬಿ ಬರುವ ದನಿಯಲ್ಲ ಅದು, ಖಾಲಿಯಾಗುತ್ತಾ ಹೋದ ದನಿ. ಅದರ ಜೊತೆಗೇ ಈ ವರ್ಷ ಕಣ್ಣ ಮುಂದೆ ಬಂತು. ಭಾನುವಾರ ಭಾನುವಾರ ಬರುತ್ತಿದ್ದ ನಿನ್ನ ಫೋನು. ಒಂದು ದಿನ ‘ಸ್ವಲ್ಪ ಶೀತ ಅಕ್ಕ’ ಅಂದದ್ದು. ಮಾತು ಗಿಡ್ಡವಾದದ್ದು. ಆಮೇಲೆ ಫೋನು ನಿಂತು ಬರೀ ಅಕ್ಷರಗಳು ಬಂದದ್ದು. ದೊಡ್ಡ ಸಿನಿಮಾ ಸಿಕ್ಕಿತು, ತಮ್ಮನಿಗೆ ಕೊಂಬು ಬಂತು ಎಂದುಕೊಂಡು ನಾನೂ ಬಿಗುಮಾನದಲ್ಲಿ ಕೂತೆ. ನೀನು ಕೊಂಬು ಬಂದವನ ಹಾಗೆ ನಟಿಸಿದೆ ಅಲ್ಲವೇ? ಅದು ಒಳ್ಳೆಯ ನಟನೆ, ಅದಕ್ಕೆ ಬೇಕಾದರೆ ಪೂರ್ತಿ ಸ್ಟಾರ್ ಕೊಡುತ್ತೇನೆ.

ಸಂಜೆ ಸ್ಟುಡಿಯೋಗೆ ಹೋದೆ. ಸೌಂಡಿನ ಮಾಮ ಒಬ್ಬನೇ ಇದ್ದ, ಅದೇ ಹಳೆಯ ಕುರ್ಚಿ, ಕತ್ತಿಗೆ ನೇತುಹಾಕಿಕೊಂಡ ಹೆಡ್‌ಫೋನು. ಅಪ್ಪನ ದನಿಯನ್ನೂ ನಿನ್ನ ದನಿಯನ್ನೂ ರೆಕಾರ್ಡ್ ಮಾಡಿದ ಕೈ ಅದು. ನನ್ನನ್ನು ಕಂಡೊಡನೆ ಎದ್ದು ನಿಂತ. ನಾನು ಬಂದರೆ ಯಾವತ್ತೂ ಏಳುವವನಲ್ಲ. ‘ಏನಮ್ಮ, ಪಿಕ್ಚರ್ ಹೇಗಿತ್ತು’ ಅಂದ, ನನ್ನ ಮುಖ ನೋಡದೆ. ನಾನು ಬೇರೇನೂ ಕೇಳಲಿಲ್ಲ. ‘ಮಾಮ, ಮೊದಲ ಸೀನು ಕೊನೇಲಿ ತಾನೇ ತಗೊಂಡಿದ್ದು?’ ಅಂದೆ. ಅವನು ಕೂತುಬಿಟ್ಟ. ಯಾವುದೋ ಗುಂಡಿ ತಿರುಗಿಸಿದ, ಯಂತ್ರ ಆನ್ ಆಗಿರಲೇ ಇಲ್ಲ.

‘ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದಾನಮ್ಮ’ ಅಂದ. ಆಮೇಲೆ ತಾನೇ ಹೇಳಿದ. ‘ಕೊನೆಕೊನೆಗೆ ಒಂದು ಸಾಲು ಪೂರ್ತಿ ಬರ್ತಿರ್ಲಿಲ್ಲ. ಒಂದೊಂದೇ ಪದ ತಗೊಂಡು ನಾನು ಅಂಟಿಸ್ದೆ. ಆ ಅಕ್ಕಾ ಅನ್ನೋದನ್ನ ಅಕ್ ಬೇರೆ, ಕಾ ಬೇರೆ ತಗೊಂಡಿರೋದು. ಡೈರೆಕ್ಟರಿಗೆ ಇದು ಆ್ಯಕ್ಟಿಂಗು ಅಂತ. ಇವನೂ ಹೌದು ಅಂದ.’ ಆಮೇಲೆ ಯಾರಿಗೋ ಹೇಳಿಕೊಳ್ಳುವವನ ಹಾಗೆ ಅಂದ, ‘ನಿಮ್ಮಪ್ಪನಿಗೂ ಹೀಗೇ ಅಂಟಿಸಿದ್ದೆ.’

ಅಪ್ಪನ ಆ ವರ್ಷ ನಿನಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ, ನೀನಿನ್ನೂ ಚಡ್ಡಿ ಹಾಕಿಕೊಳ್ಳುತ್ತಿದ್ದೆ. ನನಗೆ ಪೂರ್ತಿ ನೆನಪಿದೆ. ಒಂದು ಮುದಿ ಗೂಢಚಾರನ ಪಾತ್ರಕ್ಕೆ ದನಿ ಕೊಟ್ಟು ಬಂದವರು ಊಟಕ್ಕೆ ಕೂತಾಗ ಅಮ್ಮನಿಗೆ ಹೇಳುತ್ತಿದ್ದರು, ‘ಈ ಕರಕರ ಎಲ್ಲಿಂದ ತಂದ್ರಿ ಅಂತ ಎಲ್ಲರೂ ಕೇಳ್ತಾರೆ ಕಣೇ.’ ಆ ಗೂಢಚಾರನ ಹಿಂದೆ ಇನ್ನಷ್ಟು ಮುದುಕರು, ದೆವ್ವಗಳು, ಸಾಯುವ ತಂದೆಯರು ಮನೆ ಬಾಗಿಲಿಗೆ ಬಂದರು. ಅಂಥ ದನಿ ಊರಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಡಾಕ್ಟರ ಹತ್ತಿರ ಹೋಗಿ ಬನ್ನಿ ಎಂದು ಅಮ್ಮ ಅಂದಾಗೆಲ್ಲ, ‘ಹೋದರೆ ವಾಸಿ ಮಾಡಿಬಿಡ್ತಾರೆ, ಆಮೇಲೆ ಕೆಲಸ ಯಾರು ಕೊಡ್ತಾರೆ’ ಎಂದು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಕೊನೆಗೆ ಹೋದಾಗ ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ದನಿ ಒಡೆದ ಹೊಸದರಲ್ಲೇ ಬಂದಿದ್ರೆ’ ಎಂದು ಶುರು ಮಾಡಿ, ವಾಕ್ಯ ಮುಗಿಸದೆ, ಕನ್ನಡಕ ತೆಗೆದು ಒರೆಸಿಕೊಂಡರು.

ಗಂಟಲಿನ ಗಡ್ಡೆಗೆಂದು ಆಪರೇಷನ್ ಮಾಡಿ ದನಿಪೆಟ್ಟಿಗೆಯನ್ನೇ ಕೊಯ್ದು ತೆಗೆದ ಮೇಲೆ ಅಪ್ಪ ಉಳಿದದ್ದು ಸ್ವಲ್ಪ ಕಾಲ. ಆ ಕಾಲವೆಲ್ಲ ನಮ್ಮ ಮನೆಯಲ್ಲಿ ಒಂದೇ ಸದ್ದು ಇತ್ತು, ಸ್ಟೀಲ್ ಲೋಟಕ್ಕೆ ಚಮಚ ಬಡಿಯುವ ಸದ್ದು. ಒಂದು ಸಲ ಬಡಿದರೆ ನನ್ನನ್ನು ಕರೆದ ಹಾಗೆ, ಎರಡು ಸಲ ಬಡಿದರೆ ನಿನ್ನನ್ನು. ಅಮ್ಮನಿಗೆ ಬಡಿತ ಬೇಕಿರಲಿಲ್ಲ, ಅವಳು ಪಕ್ಕ ಬಿಟ್ಟು ಏಳುತ್ತಲೇ ಇರಲಿಲ್ಲ. ಶಾಲೆಯಿಂದ ಬರುವಾಗ ನಾನು ಬೀದಿಯ ತಿರುವಿನಲ್ಲೇ ಕಿವಿ ನಿಮಿರಿಸುತ್ತಿದ್ದೆ. ಟಿಣ್ ಕೇಳಿಸಿದರೆ ಅಪ್ಪ ಇದ್ದಾರೆ. ಕೇಳಿಸದಿದ್ದರೆ ಮನೆಯ ಕಡೆ ಓಡುತ್ತಿದ್ದೆ. ಒಂದು ಮಧ್ಯಾಹ್ನ ಮನೆಯ ತನಕ ಬಂದರೂ ಕೇಳಿಸಲಿಲ್ಲ. ಇವತ್ತಿಗೂ ಹೋಟೆಲಿನಲ್ಲಿ ಪಕ್ಕದ ಮೇಜಿನವರು ಸಕ್ಕರೆ ಕದಡಿದರೆ ನಾನು ಎದ್ದು ಬೇರೆ ಕಡೆ ಕೂರುತ್ತೇನೆ.

ಮಾಮ ಕೊನೆಗೆ ಹೇಳಿದ್ದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇಷ್ಟು ಬರೆದೂ ಪ್ರಯೋಜನವಿಲ್ಲ. ಹೊರಟವಳು ಬಾಗಿಲಲ್ಲಿ ನಿಂತು ಸುಮ್ಮನೆ ಕೇಳಿದೆ, ಆ ಹಡಗಿನ ಬಾಗಿಲ ಸದ್ದು ಚೆನ್ನಾಗಿದೆ, ಏನು ಬಳಸಿದೆ ಅಂತ. ಮಾಮ ನನ್ನನ್ನೇ ನೋಡಿದ. ‘ಅದು ಬಾಗಿಲಲ್ಲಮ್ಮ. ಒಳಗೆ ಬಿಸಿನೀರಿನ ಲೋಟ ಇಟ್ಕೊಂಡಿದ್ದ. ಆ ದಿನ ಮೊದಲಿಗೆ ದನಿ ಬರಲೇ ಇಲ್ಲ. ತಡೀರಿ ಅನ್ನೋಕೂ ಆಗ್ಲಿಲ್ಲ, ಚಮಚದಲ್ಲಿ ಲೋಟ ತಟ್ಟಿದ. ಮೈಕ್ ಆನ್ ಇತ್ತು. ಚೆನ್ನಾಗಿದೆ ಇಟ್ಕೊಳ್ಳಿ ಅಂದ್ರು ಡೈರೆಕ್ಟರು.’

ಒಂದು ಸಲ ತಟ್ಟಿದ್ದೀಯ ಗಂಟೆ. ಒಂದೇ ಸಲ. ನಿನಗೆ ಗೊತ್ತಿದ್ದು ತಟ್ಟಿದೆಯೋ, ಕೈ ತಾನಾಗಿ ತಟ್ಟಿತೋ ನಾನು ಕೇಳುವುದಿಲ್ಲ. ಯಾರನ್ನು ಕರೆದೆ ಎಂದು ನನಗೆ ಗೊತ್ತಾಗಿದೆ. ಅಷ್ಟೊಂದು ಜನ ಕೂತ ಕತ್ತಲೆಯಲ್ಲಿ ನೀನು ನನ್ನನ್ನು ಕರೆದೆ, ನಾನು ಬಾಗಿಲ ಚಿಲಕ ಎಂದುಕೊಂಡು ನಕ್ಕೆ.

ನನಗೆ ಭಯವಾಗಿದೆ. ಸುತ್ತು ಬಳಸಿ ಹೇಳುವುದಿಲ್ಲ. ಈ ಊರಿನ ಗೋಡೆಗಳ ಮೇಲೆಲ್ಲ ಬುರುಡೆ ಹಲ್ಲು ಕಿರಿಯುತ್ತಿದೆ. ಇವತ್ತು ಬೆಳಿಗ್ಗೆ ಹಾಲು ತರಲು ಹೋದಾಗ ಅಂಗಡಿಯವನು ಗಂಟಲು ಒಡೆದುಕೊಂಡು ‘ಅಕ್ಕಾ’ ಅಂದ, ಸಿನಿಮಾದ ತುಣುಕು ಆಗಲೇ ಎಲ್ಲರ ಫೋನಿಗೂ ಬಂದಿದೆ. ಬಸ್ ನಿಲ್ದಾಣದಲ್ಲಿ ಇಬ್ಬರು ಹುಡುಗಿಯರು ಒಬ್ಬರಿಗೊಬ್ಬರು ಹಾಗೇ ಕೂಗಿಕೊಂಡು ನಗುತ್ತಿದ್ದರು. ಅಪ್ಪನ ಕಾಯಿಲೆಯ ಸದ್ದು ಊರಿನ ಬಾಯಿಗೆ ಬಿದ್ದಿದೆ. ಒಬ್ಬೊಬ್ಬರೂ ಅದನ್ನು ಚೆನ್ನಾಗಿ ಅನುಕರಿಸುತ್ತಿದ್ದಾರೆ. ನಾಳೆ ನಾಡಿದ್ದರಲ್ಲಿ ನಿನಗೆ ಹಾರ ಹಾಕುತ್ತಾರೆ, ಪ್ರಶಸ್ತಿ ಕೊಡುತ್ತಾರೆ, ಇನ್ನೂ ಸ್ವಲ್ಪ ಒಡೆದರೆ ಇನ್ನೂ ಚೆನ್ನಾಗಿರುತ್ತೆ ಅನ್ನುತ್ತಾರೆ. ಅವರಾರೂ ಕೆಟ್ಟವರಲ್ಲ. ಅದೇ ನನ್ನ ಭಯ. ಒಬ್ಬ ಕೆಟ್ಟವನಿದ್ದಿದ್ದರೆ ಹೋಗಿ ಕೊರಳಪಟ್ಟಿ ಹಿಡಿಯುತ್ತಿದ್ದೆ.

ಅಪ್ಪನನ್ನು ನೋಡಿದ ಡಾಕ್ಟರು ಈಗಿಲ್ಲ, ಅದೇ ಕೋಣೆಯಲ್ಲಿ ಅವರ ಮಗಳು ಕೂರುತ್ತಾಳೆ. ಇವತ್ತು ಬೆಳಿಗ್ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅದೇ ಆಗಿರಬೇಕೆಂದೇನಿಲ್ಲ ಅಂದಳು. ನೋಡದೆ ಏನೂ ಹೇಳಲಾಗದು ಎಂದೂ ಅಂದಳು. ‘ಎಷ್ಟು ದಿನದಿಂದ ಹೀಗಿದೆ?’ ಎಂದು ಕೇಳಿದಳು. ಆ ಕೊನೆಯ ಕೂಗಿಗೂ ಮೊದಲ ಕೂಗಿಗೂ ನಡುವೆ ಎಷ್ಟು ದಿನ ಕಳೆದಿತ್ತು ಎಂದು ನೀನೇ ಅವಳಿಗೆ ಬರೆದು ತೋರಿಸು. ಇವತ್ತು ಮಧ್ಯಾಹ್ನದ ಹೊತ್ತಿಗೇ ನಿನ್ನನ್ನು ನೋಡಲು ಕಾಯುತ್ತಿರುತ್ತಾಳೆ.

ಬರುವುದಿಲ್ಲ ಎಂದು ತಲೆಯಾಡಿಸಿದರೆ ಅದಕ್ಕೂ ಸಿದ್ಧವಾಗಿ ಬಂದಿದ್ದೇನೆ. ವಿಮರ್ಶೆಯನ್ನು ಎರಡು ಥರ ಬರೆದಿಟ್ಟಿದ್ದೇನೆ. ಒಂದರಲ್ಲಿ ಮೊದಲರ್ಧ, ಎರಡನೆಯ ಅರ್ಧ, ಟವೆಲು, ಸೇತುವೆ ಎಲ್ಲ ಇದೆ, ನಿನ್ನ ಮಾತಿಲ್ಲ, ಹಳೆಯ ಒಪ್ಪಂದದ ಹಾಗೆ. ಇನ್ನೊಂದರಲ್ಲಿ ಒಂದೇ ಒಂದು ಸಾಲು ಹೆಚ್ಚಿಗೆ ಇದೆ: ‘ಮೊದಲ ದೃಶ್ಯದಲ್ಲಿ ನೀವು ಕೇಳಿ ನಗುವುದು ನಟನೆಯಲ್ಲ, ಚಿಕಿತ್ಸೆ ಕಾಣದ ಒಂದು ಗಂಟಲು.’ ಅದು ಅಚ್ಚಾದರೆ ಯಾವ ಸ್ಟುಡಿಯೋದವರೂ ನಿನ್ನನ್ನು ಮೈಕಿನ ಹತ್ತಿರ ಬಿಡುವುದಿಲ್ಲ, ಎರಡನೇ ಭಾಗವೂ ಇಲ್ಲ, ಬುರುಡೆಯೂ ಇಲ್ಲ. ಸಂಜೆಯೊಳಗೆ ಸಂಪಾದಕರಿಗೆ ಒಂದನ್ನು ಕಳಿಸಬೇಕು. ಯಾವುದನ್ನು ಎಂದು ನೀನು ಹೇಳು. ಬೆದರಿಕೆ ಎನ್ನುತ್ತೀಯ? ಬೆದರಿಕೆಯೇ. ಜನ್ಮವಿಡೀ ಮುಖ ನೋಡುವುದಿಲ್ಲ ಅನ್ನು, ಕೋಪ ಮಾಡಿಕೋ. ಕೋಪ ಮಾಡಿಕೊಳ್ಳಲು ನೀನು ಇರಬೇಕಲ್ಲ, ನನಗೆ ಬೇಕಾಗಿರುವುದು ಅಷ್ಟೇ.

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಬಾಗಿಲ ಕೆಳಗಿನಿಂದ ತೂರಿಸುತ್ತೇನೆ. ನೀನಿದನ್ನು ಓದುತ್ತಿರುವಾಗ ನಾನು ಆಚೆ ಮೆಟ್ಟಿಲ ಮೇಲೆ ಕೂತಿರುತ್ತೇನೆ, ಆ ಮುರಿದ ಕಂಬಿಯ ಪಕ್ಕ. ನಿನ್ನ ಚಪ್ಪಲಿ ಹೊರಗೇ ಇರುತ್ತದೆ, ಮನೆಯಲ್ಲಿಲ್ಲ ಎಂದು ನಟಿಸುವುದು ಬೇಡ. ನನ್ನ ಕೈಚೀಲದಲ್ಲಿ ಅಪ್ಪನ ಲೋಟ ಇದೆ, ಚಮಚವೂ ಇದೆ. ಮತ್ತೆ ಆ ಸದ್ದು ಕಿವಿಗೆ ಬೀಳಬಾರದೆಂದು ಬಟ್ಟೆ ಸುತ್ತಿ ಅಲಮಾರಿನ ಹಿಂದಕ್ಕೆ ತಳ್ಳಿದ್ದೆ. ಇವತ್ತು ಬೆಳಿಗ್ಗೆ ತೆಗೆದು ತೊಳೆದೆ. ತೊಳೆಯುವಾಗ ಉಂಗುರ ತಾಗಿ ಟಿಣ್ ಅಂದಿತು, ಒರೆಸಿ ಕೈಚೀಲಕ್ಕೆ ಹಾಕಿಕೊಂಡೆ.

ನಾನು ಬೆಲ್ ಒತ್ತುವುದಿಲ್ಲ. ನೀನು ಓದಿ ಮುಗಿಸುವಷ್ಟು ಹೊತ್ತು ಕಾದು, ಲೋಟಕ್ಕೆ ಎರಡು ಸಲ ಬಡಿಯುತ್ತೇನೆ. ನೀನು ಒಳಗಿನಿಂದ ಒಂದು ಸಲ ಬಡಿ, ಬಾಗಿಲಿಗೋ, ಗೋಡೆಗೋ, ಏನು ಸಿಕ್ಕಿದರೆ ಅದಕ್ಕೆ. ಅಷ್ಟು ಕೇಳಿಸಿದರೆ ಎದ್ದು ಬರುತ್ತೇನೆ. ಕೇಳಿಸುವ ತನಕ ಇಲ್ಲೇ ಇರುತ್ತೇನೆ. ಬಾಗಿಲು ತೆಗೆದಾಗ ಏನೂ ಹೇಳಬೇಡ. ‘ಅಕ್ಕಾ’ ಎಂದೂ ಅನ್ನಬೇಡ. ಆ ಒಂದು ಪದದಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನು ಒಳಗೇ ಇಟ್ಟುಕೋ, ಅವರಿಗೂ ಕೊಡಬೇಡ, ನನಗಾಗಿಯೂ ಖರ್ಚು ಮಾಡಬೇಡ.

ನಿನ್ನ ಗಂಟಲು ತಣ್ಣಗಿರಲಿ, ಮಗು.

ಇಂತಿ,
ಊರಿಗೆಲ್ಲ ಅಲ್ಲದ, ನಿನ್ನೊಬ್ಬನ
ಅಕ್ಕ